ವರ್ಷಕ್ಕೊಂದು ಡ್ರಿಪ್: ಮೂಳೆ ಸವೆತದ ಚಿಕಿತ್ಸೆಯಲ್ಲಿ ಯಾವ ಭಯ ಎಷ್ಟು ದೊಡ್ಡದು?

ಬೆಂಗಳೂರಿನ ಪೂರ್ವ ಭಾಗಕ್ಕೆ ವಯಸ್ಸಾಗುತ್ತಿದೆ. ಎಚ್‌ಎಎಲ್, 1948ರಲ್ಲಿ ಶುರುವಾದ ದೂರವಾಣಿನಗರದ ಐಟಿಐ, ಈಗ ಬಾಗಿಲು ಮುಚ್ಚಿರುವ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಇಂಥ ಕಾರ್ಖಾನೆಗಳ ಸಂಬಳ ನಂಬಿ ಇಂದಿರಾನಗರ, ಕೆ.ಆರ್. ಪುರದ ಕಡೆ ಮನೆ ಕಟ್ಟಿಕೊಂಡ ತಲೆಮಾರು ಎಪ್ಪತ್ತು ದಾಟಿದೆ. ಶಿವಾಜಿನಗರ, ಹಲಸೂರಿನ ಹಳೆಯ ಬೀದಿಗಳಲ್ಲಿ ಇವರಿಗಿಂತ ಹಿರಿಯರಿದ್ದಾರೆ. ಬಚ್ಚಲಲ್ಲಿ ಜಾರಿ, ಫುಟ್‌ಪಾತಿನ ಎದ್ದುನಿಂತ ಚಪ್ಪಡಿ ಎಡವಿ, ನಡುರಾತ್ರಿ ಹಾಸಿಗೆಯಿಂದ ಏಳಲು ಹೋಗಿ ಬೀಳುವವರು ಇವರೇ. ಮೊದಲು ಮಣಿಕಟ್ಟು, ಆಮೇಲೆ ಬೆನ್ನಮೂಳೆ, ಕೊನೆಗೆ ಸೊಂಟ. ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಸುಮಾರು ಐವರಿಗೊಬ್ಬರು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆಂಬುದು ಹಲವು ದೇಶಗಳ ಅನುಭವ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ, ಇಲ್ಲವೇ ಒಂದು ಮೂಳೆ ಆಗಲೇ ಮುರಿದಿದ್ದರೆ, ಮೂಳೆ ಡಾಕ್ಟರು ಹೇಳುವ ಮಾತು ಈಗ ಬಹುಮಟ್ಟಿಗೆ ಒಂದೇ: “ವರ್ಷಕ್ಕೊಂದು ಇಂಜೆಕ್ಷನ್ ಇದೆ, ಡ್ರಿಪ್ ಥರ ಹಾಕ್ತೀವಿ.” ಮನೆಗೆ ಬಂದ ಮೇಲೆ ಚರ್ಚೆ ಶುರುವಾಗುತ್ತದೆ. ಪಕ್ಕದ ಮನೆಯವರು, “ನಮ್ಮತ್ತೆಗೆ ಹಾಕಿಸಿದ ರಾತ್ರಿಯೇ ಚಳಿಜ್ವರ ಬಂತು, ಮೂರು ದಿನ ಮೇಲೇಳಲಿಲ್ಲ” ಅನ್ನುತ್ತಾರೆ. ಮೊಮ್ಮಗ ಫೋನಿನಲ್ಲಿ ಓದಿ, ದವಡೆ ಮೂಳೆ ಕೊಳೆಯುತ್ತದಂತೆ ಅನ್ನುತ್ತಾನೆ. ಮೂತ್ರಪಿಂಡ ಹೋಗುತ್ತದಂತೆ ಎಂದು ಇನ್ನೊಬ್ಬರು ಸೇರಿಸುತ್ತಾರೆ. ಮೂರು ಮಾತಿನಲ್ಲೂ ನಿಜವಿದೆ. ಆದರೆ ಮೂರರ ತೂಕ ಒಂದೇ ಅಲ್ಲ. ಜನರನ್ನು ಅತಿ ಹೆಚ್ಚು ಹೆದರಿಸುವ ಜ್ವರ ಬಂದಷ್ಟೇ ಬೇಗ ಹೋಗುತ್ತದೆ. ನಿಜಕ್ಕೂ ಹೆದರಬೇಕಾದವುಗಳಲ್ಲಿ ಹೆಚ್ಚಿನವನ್ನು ಡ್ರಿಪ್ ಹಾಕುವ ಮೊದಲೇ ತಡೆಯಬಹುದು, ಮತ್ತು ತಡೆಯುವ ಆ ಕೆಲಸ ನಮ್ಮಲ್ಲಿ ಆತುರದಲ್ಲಿ ಮುಗಿದುಹೋಗುತ್ತದೆ ಎಂಬುದೇ ನನ್ನ ಕಳವಳ.

ಔಷಧದ ಹೆಸರು ಜೋಲೆಡ್ರೋನಿಕ್ ಆಸಿಡ್. 5 ಮಿಲಿಗ್ರಾಂ ಔಷಧವಿರುವ 100 ಮಿಲಿಲೀಟರ್ ದ್ರಾವಣವನ್ನು ಕನಿಷ್ಠ ಹದಿನೈದು ನಿಮಿಷ ರಕ್ತನಾಳಕ್ಕೆ ಹನಿಸುತ್ತಾರೆ. ಋತುಬಂಧದ ನಂತರದ ಮೂಳೆ ಸವೆತಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2007ರಲ್ಲಿ. ಮೂಲ ಬ್ರ್ಯಾಂಡಿನ ಹೆಸರು ಅಕ್ಲಾಸ್ಟಾ. ನಮ್ಮ ಔಷಧ ಅಂಗಡಿಗಳಲ್ಲಿ ಭಾರತೀಯ ಕಂಪನಿಗಳ ಜೆನೆರಿಕ್‌ಗಳೂ ಸಿಗುತ್ತವೆ. ಇದೇ ಔಷಧ 4 ಮಿಲಿಗ್ರಾಂ ಬಾಟಲಿಯಲ್ಲೂ ಬರುತ್ತದೆ. ಅದು ಮೂಳೆಗೆ ಹರಡಿದ ಕ್ಯಾನ್ಸರಿಗೆ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವಂಥದ್ದು. ದವಡೆಯ ವಿಷಯಕ್ಕೆ ಬಂದಾಗ ಈ ವ್ಯತ್ಯಾಸ ಮತ್ತೆ ಬೇಕಾಗುತ್ತದೆ.

ನಮ್ಮ ಮೂಳೆಯನ್ನು ಒಂದು ಬಗೆಯ ಜೀವಕೋಶಗಳು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಕಟ್ಟುತ್ತಿರುತ್ತವೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಮೇಲೆ, ಕರಗಿಸುವವರ ಕೈ ಮೇಲಾಗುತ್ತದೆ. ಈ ಔಷಧ ಮೂಳೆಯ ಮೈಗೆ ಅಂಟಿಕೊಂಡು, ಅಲ್ಲಿಗೆ ಬರುವ ಕರಗಿಸುವ ಕೋಶಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಒಂದು ಪಾಲು ಮೊದಲ ದಿನವೇ ಮೂತ್ರದಲ್ಲಿ ಹೋಗುತ್ತದೆ. ಉಳಿದದ್ದು ವರ್ಷಗಟ್ಟಲೆ ಮೂಳೆಯಲ್ಲಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಸಾಕು ಎಂಬ ಅನುಕೂಲ ಬಂದದ್ದು ಇದರಿಂದಲೇ. ಒಮ್ಮೆ ಒಳಗೆ ಹೋದದ್ದನ್ನು ಹಿಂದಕ್ಕೆ ತೆಗೆಯಲಾಗದು ಎಂಬ ತೊಡಕೂ ಇದರ ಇನ್ನೊಂದು ಮುಖ. ಮಾತ್ರೆಯಾದರೆ ತೊಂದರೆ ಕಂಡ ದಿನ ನಿಲ್ಲಿಸಬಹುದು. ಇಲ್ಲಿ ಯೋಚನೆಯೆಲ್ಲ ಸೂಜಿ ಚುಚ್ಚುವ ಮೊದಲೇ ಆಗಬೇಕು.

ಲಾಭವೆಷ್ಟು? 2007ರಲ್ಲಿ ಪ್ರಕಟವಾದ ಹೊರೈಝನ್ ಎಂಬ ಅಧ್ಯಯನದಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಅರ್ಧ ಜನರಿಗೆ ಔಷಧ, ಉಳಿದವರಿಗೆ ಬರಿಯ ದ್ರಾವಣ. ಮೂರು ವರ್ಷದಲ್ಲಿ ಬೆನ್ನಮೂಳೆ ಕುಸಿದವರು ಔಷಧವಿಲ್ಲದವರಲ್ಲಿ ನೂರಕ್ಕೆ 10.9, ಔಷಧ ಪಡೆದವರಲ್ಲಿ 3.3. ಸೊಂಟ ಮುರಿದವರು 2.5ರಿಂದ 1.4ಕ್ಕೆ ಇಳಿದರು. ಅಂದರೆ ಸಾವಿರ ಮಂದಿಗೆ ಮೂರು ವರ್ಷ ಡ್ರಿಪ್ ಹಾಕಿದರೆ ಬೆನ್ನಮೂಳೆ ಕುಸಿತ ಎಪ್ಪತ್ತಾರು ಮಂದಿಗೆ, ಸೊಂಟದ ಮುರಿತ ಹನ್ನೊಂದು ಮಂದಿಗೆ ತಪ್ಪುತ್ತದೆ. ಅದೇ ವರ್ಷದ ಇನ್ನೊಂದು ಅಧ್ಯಯನ ಸೊಂಟ ಮುರಿದು ಆಪರೇಷನ್ ಆದವರ ಮೇಲೆ ನಡೆಯಿತು. ಅವರಲ್ಲಿ ತೀರಿಕೊಂಡವರ ಪ್ರಮಾಣವೇ ನೂರಕ್ಕೆ 13.3ರಿಂದ 9.6ಕ್ಕೆ ಇಳಿಯಿತು. ಆಪರೇಷನ್ ಆಗಿ ಎರಡು ವಾರವಾದರೂ ಕಳೆದ ಮೇಲೆ ಡ್ರಿಪ್ ಹಾಕುವುದು ವಾಡಿಕೆ. ಮೂಳೆ ಕೂಡುವುದಕ್ಕೆ ಇದರಿಂದ ಅಡ್ಡಿಯಾಗುತ್ತದೆಂಬ ಅಂಜಿಕೆ ಆ ಅಧ್ಯಯನದಲ್ಲಿ ನಿಜವಾಗಲಿಲ್ಲ.

ಈ ಲಾಭ ಕಣ್ಣಿಗೆ ಕಾಣುವುದಿಲ್ಲ. ಮುರಿಯದೇ ಉಳಿದ ಮೂಳೆ ನೋಯುವುದೂ ಇಲ್ಲ, ಸುದ್ದಿಯಾಗುವುದೂ ಇಲ್ಲ. ಮೊಣಕಾಲು ನೋವು ಹೋಗುತ್ತದೆಂದು ನಂಬಿ ಡ್ರಿಪ್ ಹಾಕಿಸಿಕೊಂಡು, ಹೋಗಲಿಲ್ಲವೆಂದು ಬೇಸರಪಡುವವರು ನಮ್ಮಲ್ಲಿ ಬಹಳ. ಮಂಡಿಯ ಕೀಲು ಸವೆಯುವುದು ಬೇರೆ ಕಾಯಿಲೆ, ಅದಕ್ಕೆ ಈ ಔಷಧವಲ್ಲ. ಇದನ್ನು ಮೊದಲೇ ಹೇಳಿದರೆ ಅರ್ಧದಷ್ಟು ನಿರಾಶೆ ತಪ್ಪುತ್ತದೆ.

ಈಗ ಜ್ವರದ ಮಾತು. ಹೊರೈಝನ್‌ನಲ್ಲಿ ಮೊದಲ ಡ್ರಿಪ್ ಆದ ಮೂರು ದಿನದೊಳಗೆ ಜ್ವರ, ಮೈಕೈ ನೋವು, ತಲೆನೋವು, ಕೀಲುನೋವು ಇಂಥ ಲಕ್ಷಣ ಕಂಡವರು ನೂರಕ್ಕೆ ಮೂವತ್ತೆರಡು ಮಂದಿ. ಬರಿಯ ದ್ರಾವಣ ಪಡೆದವರಲ್ಲೂ ಆರು ಮಂದಿಗೆ ಹಾಗಾಯಿತು. ಎರಡನೆಯ ವರ್ಷ ಔಷಧ ಪಡೆದವರಲ್ಲಿ ಇದು ಸುಮಾರು ಏಳಕ್ಕೆ, ಮೂರನೆಯ ವರ್ಷ ಮೂರಕ್ಕೆ ಇಳಿಯಿತು. ಔಷಧ ಒಂದು ಕಿಣ್ವವನ್ನು ತಡೆದಾಗ ರಕ್ತದ ಕೆಲವು ಕೋಶಗಳಲ್ಲಿ ಸೇರಿಕೊಳ್ಳುವ ವಸ್ತುವೊಂದು ದೇಹದ ರಕ್ಷಣಾ ಕೋಶಗಳನ್ನು ಕೆರಳಿಸುತ್ತದೆ. ಅವು ಸೋಂಕು ಬಂದಾಗ ಹೊಮ್ಮಿಸುವ ರಾಸಾಯನಿಕಗಳನ್ನೇ ಹೊಮ್ಮಿಸುತ್ತವೆ. ಸೋಂಕಿಲ್ಲದ ಜ್ವರ ಇದು. ಮೊದಲೇ ಇದೇ ಗುಂಪಿನ ಮಾತ್ರೆ ತಿಂದವರಿಗೆ ಕಡಿಮೆ. ಸಾಮಾನ್ಯವಾಗಿ ಒಂದೂವರೆ ದಿನದೊಳಗೆ ಶುರುವಾಗಿ ಮೂರು ದಿನದಲ್ಲಿ ಇಳಿಯುತ್ತದೆ. ಕೆಲವರಿಗೆ ಮೈನೋವು ಇನ್ನಷ್ಟು ದಿನ ಎಳೆಯುವುದೂ ಉಂಟು. ಮೂಳೆ, ಸ್ನಾಯುಗಳ ತೀವ್ರ ನೋವಿನ ಬಗ್ಗೆ 2008ರಲ್ಲೇ ಅಮೆರಿಕದ ಸಂಸ್ಥೆ ಎಚ್ಚರಿಸಿದೆ.

ನ್ಯೂಯಾರ್ಕಿನಲ್ಲೋ ಆಕ್ಲೆಂಡಿನಲ್ಲೋ ಈ ಜ್ವರಕ್ಕೆ ಅಷ್ಟು ಅರ್ಥವಿಲ್ಲ. ಬೆಂಗಳೂರಿನಲ್ಲಿ ಇದೆ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಬರುವ ಜ್ವರವೆಂದರೆ ಮೊದಲು ಡೆಂಗಿಯ ಅನುಮಾನ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಡೆಂಗಿಯ ಲಕ್ಷಣವೂ ಇದೇ: ಜ್ವರ, ತಲೆನೋವು, ಮೂಳೆ ಮುರಿದಂಥ ಮೈನೋವು. ಹಲಸೂರಿನ ಮನೆಯೊಂದರಲ್ಲಿ ಅಜ್ಜಿಗೆ ಡ್ರಿಪ್ ಆದ ಮರುದಿನ ನೂರೆರಡು ಡಿಗ್ರಿ ಏರಿದರೆ ಎರಡು ಬಗೆಯ ತಪ್ಪಾಗಬಹುದು. ಡ್ರಿಪ್ಪಿನ ಜ್ವರವನ್ನು ಡೆಂಗಿಯೆಂದು ಹೆದರಿ ಆಸ್ಪತ್ರೆಗೆ ಸೇರಿಸುವುದು ಒಂದು. ನಿಜವಾದ ಡೆಂಗಿಯನ್ನು “ಡ್ರಿಪ್ ಹಾಕಿಸಿದ್ದರಿಂದ ಬಂದದ್ದು, ಹೋಗುತ್ತೆ” ಎಂದು ಮನೆಯಲ್ಲೇ ಇಟ್ಟುಕೊಳ್ಳುವುದು ಇನ್ನೊಂದು. ಎರಡನೆಯದು ಅಪಾಯ. ಮೂರು ದಿನ ಕಳೆದೂ ಜ್ವರ ಬಿಡದಿದ್ದರೆ, ಅಥವಾ ಜ್ವರ ಬಿಟ್ಟ ಹೊತ್ತಿನಲ್ಲೇ ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ, ಡ್ರಿಪ್ಪಿನ ಮೇಲೆ ಭಾರ ಹಾಕಿ ಕೂರದೆ ರಕ್ತಪರೀಕ್ಷೆಗೆ ಹೋಗಬೇಕು.

ಎರಡೂ ಜ್ವರಕ್ಕೆ ಒಪ್ಪುವ ಮಾತ್ರೆ ಪ್ಯಾರಾಸಿಟಮಾಲ್. ಡ್ರಿಪ್ ಆದ ದಿನದಿಂದ ಎರಡು ಮೂರು ದಿನ ವೈದ್ಯರು ಹೇಳಿದ ಪ್ರಮಾಣದಲ್ಲಿ ನುಂಗಿದರೆ ಜ್ವರ, ನೋವು ಎರಡೂ ಗಣನೀಯವಾಗಿ ತಗ್ಗುತ್ತವೆ. ಮನೆಯ ಡಬ್ಬಿಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ: ಡೆಂಗಿಯಾಗಿದ್ದರೆ ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಡ್ರಿಪ್ಪಿನ ಮೊದಲ ದಿನಗಳಲ್ಲಿ ಮೂತ್ರಪಿಂಡಕ್ಕೂ ಹೊರೆ. ವರ್ಷಕ್ಕೊಮ್ಮೆಯ ಔಷಧವಾದ್ದರಿಂದ ಯಾವ ತಿಂಗಳು ಹಾಕಿಸಬೇಕೆಂಬುದು ಬಹುಪಾಲು ನಮ್ಮ ಕೈಯಲ್ಲೇ ಇದೆ. ಅವಸರದ ಕಾರಣವಿಲ್ಲದಿದ್ದರೆ ಡೆಂಗಿ ಉಲ್ಬಣಿಸಿದ ವಾರಗಳನ್ನು ಬಿಟ್ಟು ಡಿಸೆಂಬರ್, ಜನವರಿಯಲ್ಲಿ ಹಾಕಿಸುವುದು ಜಾಣತನವೆಂದು ನನಗನ್ನಿಸುತ್ತದೆ. ಮೊದಲ ಜ್ವರಕ್ಕೆ ಹೆದರಿ ಎರಡನೆಯ ವರ್ಷ ಬೇಡವೆನ್ನುವವರಿಗೆ ಮೂವತ್ತೆರಡು, ಏಳು, ಮೂರು ಎಂಬ ಆ ಇಳಿಕೆಯನ್ನು ಯಾರಾದರೂ ಕೂತು ಹೇಳಬೇಕು. ಕಷ್ಟದ ಡ್ರಿಪ್ ಆಗಲೇ ಮುಗಿದಿದೆ.

ಮೂತ್ರಪಿಂಡದ ಪ್ರಶ್ನೆ ಜ್ವರಕ್ಕಿಂತ ಗಂಭೀರ, ಅದಕ್ಕೆ ಸಿಗುವ ಗಮನ ಮಾತ್ರ ಕಡಿಮೆ. ಔಷಧ ಹೊರಹೋಗುವ ದಾರಿಯೇ ಮೂತ್ರಪಿಂಡ. ಅದು ಮೊದಲೇ ಸೋತಿದ್ದರೆ, ದೇಹದಲ್ಲಿ ನೀರು ಕಡಿಮೆಯಿದ್ದರೆ, ಡ್ರಿಪ್ಪನ್ನು ಹದಿನೈದು ನಿಮಿಷಕ್ಕಿಂತ ಬೇಗ ಬಿಟ್ಟರೆ ಹಠಾತ್ ಹಾನಿಯಾಗಬಹುದು, ಸಾವುಗಳೂ ವರದಿಯಾಗಿವೆ. ಆ ಕಾರಣಕ್ಕೆ 2011ರಲ್ಲಿ ಅಮೆರಿಕದಲ್ಲಿ ನಿಯಮ ಬಿಗಿಯಾಯಿತು: ಮೂತ್ರಪಿಂಡ ರಕ್ತ ಸೋಸುವ ವೇಗದ ಅಳತೆಯಾದ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 35 ಮಿಲಿಲೀಟರಿಗಿಂತ ಕಡಿಮೆಯಿದ್ದವರಿಗೆ ಕೊಡುವಂತಿಲ್ಲ.

ಎಡವುವುದು ಇಲ್ಲೇ. ಎಪ್ಪತ್ತೈದು ವರ್ಷದ, ನಲವತ್ತೆರಡು ಕಿಲೋ ತೂಗುವ ಒಬ್ಬ ಅಜ್ಜಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.0 ಬಂದಿದೆ ಎನ್ನೋಣ. ರಿಪೋರ್ಟಿನಲ್ಲಿ ಅದು ಸಾಮಾನ್ಯ ಮಿತಿಯೊಳಗೇ ಇರುತ್ತದೆ. ಪಕ್ಕದಲ್ಲಿ ಲ್ಯಾಬಿನವರೇ ಅಚ್ಚು ಹಾಕುವ, ಸೋಸುವ ವೇಗದ ಇನ್ನೊಂದು ಅಂದಾಜಾದ ಇಜಿಎಫ್‌ಆರ್ ಸುಮಾರು 58 ತೋರಿಸುತ್ತದೆ. ನೋಡಿದವರು ಸರಿಯಿದೆ ಅನ್ನುತ್ತಾರೆ. ಈ ಔಷಧದ ನಿಯಮ ಕೇಳುವುದಾದರೋ ತೂಕವನ್ನೂ ಸೇರಿಸಿ ಮಾಡುವ ಕಾಕ್‌ಕ್ರಾಫ್ಟ್-ಗಾಲ್ಟ್ ಲೆಕ್ಕವನ್ನು: 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಿ, ಹೆಂಗಸರಿಗೆ 0.85ರಿಂದ ಗುಣಿಸಬೇಕು. ಇದೇ ಅಜ್ಜಿಗೆ ಬರುವ ಉತ್ತರ 32. ಅವರಿಗೆ ಈ ಡ್ರಿಪ್ ಹಾಕುವಂತಿಲ್ಲ. ಮೂಳೆ ಸವೆತ ಹೆಚ್ಚಾಗಿ ಕಾಡುವುದು ಇಂಥ ಸಣಕಲು ಮೈಯ ಹಿರಿಯ ಹೆಂಗಸರನ್ನೇ. ಫೋನಿನ ಕ್ಯಾಲ್ಕುಲೇಟರಿನಲ್ಲಿ ಅರೆ ನಿಮಿಷದ ಲೆಕ್ಕ ಇದು. ಡ್ರಿಪ್ಪಿಗೆ ಮೊದಲು ಪ್ರತಿ ಮನೆಯವರೂ ಡಾಕ್ಟರನ್ನು ಕೇಳಬೇಕಾದ ಒಂದೇ ಪ್ರಶ್ನೆಯನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ: “ತೂಕ ಸೇರಿಸಿ ಕ್ಲಿಯರೆನ್ಸ್ ಎಷ್ಟು ಬಂತು?” ಪ್ರತಿ ವರ್ಷದ ಡ್ರಿಪ್ಪಿಗೂ ಹೊಸದಾಗಿ ಕೇಳಬೇಕು, ಯಾಕೆಂದರೆ ವಯಸ್ಸು, ತೂಕ, ಕ್ರಿಯಾಟಿನಿನ್ ಮೂರೂ ಬದಲಾಗುತ್ತಿರುತ್ತವೆ.

ನೀರಿನ ವಿಷಯವೂ ಸಣ್ಣದಲ್ಲ. ಕೆ.ಆರ್. ಪುರದಿಂದ ಮೆಟ್ರೋ ಹತ್ತಿ ಇಂದಿರಾನಗರದ ಆಸ್ಪತ್ರೆಗೆ ಹೊರಟ ಹೆಂಗಸು ದಾರಿಯಲ್ಲಿ ಶೌಚಾಲಯಕ್ಕೆ ಪರದಾಡಬೇಕಾದೀತೆಂದು ಬೆಳಗಿನಿಂದ ನೀರೇ ಕುಡಿಯದೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ರಂಜಾನಿನ ಉಪವಾಸವಿರಲಿ, ಏಕಾದಶಿಯಿರಲಿ, ಉಪವಾಸದ ದಿನ ಈ ಡ್ರಿಪ್ ಬೇಡ. ಏಪ್ರಿಲ್ ಬಿಸಿಲಲ್ಲಿ ವಾಂತಿಭೇದಿ ಆಗಿ ಎದ್ದ ವಾರವೂ ಬೇಡ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಹೃದಯದ ಕಾಯಿಲೆಗೆಂದು ನೀರಿಗೆ ಮಿತಿ ಹಾಕಿಸಿಕೊಂಡಿರದಿದ್ದರೆ, ಡ್ರಿಪ್ಪಿಗೆ ಮುಂಚಿನ ಗಂಟೆಗಳಲ್ಲಿ ಎರಡು ಲೋಟ ನೀರು ಕುಡಿದೇ ಹೊರಡಬೇಕು.

ಕ್ಯಾಲ್ಸಿಯಂ ಕುಸಿತ ನಮ್ಮ ಊರಿಗೆ ಹತ್ತಿರದ ಇನ್ನೊಂದು ಅಪಾಯ. ಮೂಳೆ ಕರಗುವುದು ನಿಂತರೆ ರಕ್ತಕ್ಕೆ ಅಲ್ಲಿಂದ ಬರುತ್ತಿದ್ದ ಕ್ಯಾಲ್ಸಿಯಂ ಕೂಡ ನಿಲ್ಲುತ್ತದೆ. ವಿಟಮಿನ್ ಡಿ ಸಾಕಷ್ಟಿದ್ದರೆ ದೇಹ ಹೊಟ್ಟೆಯಿಂದ ಹೀರಿ ಸರಿದೂಗಿಸಿಕೊಳ್ಳುತ್ತದೆ. ಇಲ್ಲದವರಿಗೆ ಮೊದಲ ವಾರ ಹತ್ತು ದಿನದಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೈಕಾಲು ಸೆಟೆತ ಬರಬಹುದು. ಹೊರೈಝನ್‌ನಲ್ಲಿದ್ದ ಎಲ್ಲರಿಗೂ ದಿನಾ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಿದ್ದರು. ಅಲ್ಲಿ ಕಂಡ ಸುರಕ್ಷತೆ ಆ ಕಾವಲಿನೊಳಗಿನದು. ಬಿಸಿಲು ಬೇಕಾದಷ್ಟಿರುವ ಈ ನಾಡಿನಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕ. ಶಿವಾಜಿನಗರದ ಇಕ್ಕಟ್ಟಿನ ಮನೆಗಳಲ್ಲಿ ದಿನ ಕಳೆಯುವವರಿಗೂ, ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಯಿಂದ ಕೆಳಗಿಳಿಯದ ಹಿರಿಯರಿಗೂ ಇದು ಒಂದೇ. ತೀರಾ ಕೊರತೆಯಿದ್ದರೆ ಮೂಳೆಯೇ ಮೆತ್ತಗಾಗುವ ಬೇರೊಂದು ಕಾಯಿಲೆ ಇರುತ್ತದೆ. ಡೆಕ್ಸಾ ಯಂತ್ರಕ್ಕೆ ಅದೂ ಸವೆತದಂತೆಯೇ ಕಾಣುತ್ತದೆ. ಅದಕ್ಕೆ ಬೇಕಾದದ್ದು ವಿಟಮಿನ್, ಈ ಡ್ರಿಪ್ ಅಲ್ಲ. ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿ, ಕಡಿಮೆಯಿದ್ದರೆ ವಾರಕ್ಕೊಮ್ಮೆ ಹಾಲಿಗೆ ಬೆರೆಸುವ 60,000 ಯೂನಿಟ್ಟಿನ ಪುಡಿಯನ್ನು ಡಾಕ್ಟರು ಹೇಳಿದಷ್ಟು ವಾರ ಕುಡಿದು, ಆಮೇಲೆ ಡ್ರಿಪ್. ಒಂದೆರಡು ತಿಂಗಳು ತಡವಾದರೆ ನಷ್ಟವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಬಿಡದ ಮನೆಗೆ ಅಷ್ಟರಮಟ್ಟಿನ ಆಸರೆ ಇದ್ದೇ ಇದೆ.

ದವಡೆಯ ಭಯಕ್ಕೆ ಬರೋಣ. ಹಲ್ಲು ಕಿತ್ತ ಜಾಗ ವಾಸಿಯಾಗದೆ ದವಡೆ ಮೂಳೆ ಹೊರಗೆ ಕಾಣುವ ಸ್ಥಿತಿ 2003ರಿಂದೀಚೆಗೆ ವೈದ್ಯಲೋಕದ ಗಮನಕ್ಕೆ ಬಂತು. ಆ ವರದಿಗಳಲ್ಲಿ ಹೆಚ್ಚಿನವರು ಕ್ಯಾನ್ಸರಿಗಾಗಿ ತಿಂಗಳು ತಿಂಗಳೂ ಈ ಗುಂಪಿನ ಔಷಧ ಪಡೆದವರು. ವರ್ಷಕ್ಕೆ ಅವರ ದೇಹಕ್ಕೆ ಹೋಗುವ ಪ್ರಮಾಣ ಮೂಳೆ ಸವೆತದವರದಕ್ಕಿಂತ ಹತ್ತು ಪಟ್ಟಿನಷ್ಟು. ಹೊರೈಝನ್‌ನಲ್ಲಿ ಇಂಥ ಪ್ರಕರಣ ಔಷಧದ ಗುಂಪಿನಲ್ಲಿ ಒಂದು, ಬರಿಯ ದ್ರಾವಣದ ಗುಂಪಿನಲ್ಲೂ ಒಂದು. ಮೂಳೆ ಸವೆತಕ್ಕೆ ಪಡೆಯುವವರಲ್ಲಿ ಇದು ಹತ್ತು ಸಾವಿರಕ್ಕೆ ಕೆಲವರ ಲೆಕ್ಕದ್ದು. ಹಾಗೆಂದು ಹಲ್ಲನ್ನು ಮರೆಯುವಂತಿಲ್ಲ. ಎಲೆಅಡಿಕೆ, ಹೊಗೆಸೊಪ್ಪಿನಲ್ಲಿ ಒಸಡು ಹಾಳಾದವರು, ಸಕ್ಕರೆ ಕಾಯಿಲೆಯವರು ಕೀಳಿಸಬೇಕಾದ ಹಲ್ಲನ್ನು ಮೊದಲೇ ಕೀಳಿಸಿ, ಗಾಯ ಮಾಯ್ದ ಮೇಲೆ ಡ್ರಿಪ್ಪಿಗೆ ಹೋಗಬೇಕು. ಕುಕ್ ಟೌನಿನ ಎಂ.ಆರ್. ಅಂಬೇಡ್ಕರ್ ದಂತ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳು ಈ ಭಾಗದಲ್ಲೇ ಇವೆ.

ತೊಡೆಮೂಳೆಯ ವಿಚಿತ್ರ ಮುರಿತ ನಮಗೆ ಇನ್ನೂ ಹತ್ತಿರದ್ದು. ದೀರ್ಘಕಾಲ ಈ ಗುಂಪಿನ ಔಷಧ ಪಡೆದ ಕೆಲವರಲ್ಲಿ ತೊಡೆಮೂಳೆ ನಡುವಿನಲ್ಲಿ ಅಡ್ಡಲಾಗಿ, ಬೀಳದೆಯೂ ಮುರಿಯುತ್ತದೆ. 2010ರಲ್ಲಿ ಇದರ ಬಗ್ಗೆ ಅಧಿಕೃತ ಎಚ್ಚರಿಕೆ ಬಂತು. ಕ್ಯಾಲಿಫೋರ್ನಿಯದ ಸುಮಾರು ಎರಡು ಲಕ್ಷ ಮಹಿಳೆಯರ ದಾಖಲೆ ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು ಹೀಗಿದೆ: ಹತ್ತು ಸಾವಿರ ಬಿಳಿಯ ಮಹಿಳೆಯರು ಮೂರು ವರ್ಷ ಔಷಧ ಪಡೆದರೆ 149 ಸೊಂಟದ ಮುರಿತ ತಪ್ಪುತ್ತವೆ, ಇಂಥ ಎರಡು ತೊಡೆಮುರಿತ ಆಗುತ್ತವೆ. ಏಷ್ಯಾ ಮೂಲದವರಲ್ಲಿ ತಪ್ಪುವುದು 91, ಆಗುವುದು ಎಂಟು. ಏಷ್ಯಾ ಮೂಲ ಎಂಬುದು ಬಹಳ ಅಗಲದ ಗುಂಪು. ಆ ಮಹಿಳೆಯರಲ್ಲಿ ಬಹುಪಾಲು ಜನ ತಿಂದದ್ದೂ ಮಾತ್ರೆಯನ್ನು. ಹಾಗಾಗಿ ಈ ಅಂಕಿಯನ್ನು ಹಲಸೂರಿಗೆ ನೇರ ತಂದು ಕೂರಿಸಲಾಗದು. ಆದರೂ ಲಾಭದ ಅಂತರ ನಮ್ಮವರಲ್ಲಿ ಪಾಶ್ಚಾತ್ಯರಷ್ಟು ಅಗಲವಿರಲಿಕ್ಕಿಲ್ಲ, ಅಗತ್ಯವಿಲ್ಲದೆ ವರ್ಷ ವರ್ಷ ಮುಂದುವರಿಸಬಾರದು ಎಂಬ ಎಚ್ಚರಕ್ಕೆ ಇದು ಸಾಕು. ಮುರಿಯುವ ಮೊದಲು ವಾರಗಟ್ಟಲೆ ತೊಡೆಯಲ್ಲೋ ತೊಡೆಸಂದಿಯಲ್ಲೋ ಮಂದ ನೋವು ಬರುವುದುಂಟು. ವಯಸ್ಸಾದ ನೋವೆಂದು ಎಣ್ಣೆ ತಿಕ್ಕಿಕೊಂಡು ಕೂರದೆ ಎರಡೂ ತೊಡೆಯ ಪೂರ್ತಿ ಎಕ್ಸ್‌ರೇ ತೆಗೆಸಬೇಕು. ಔಷಧ ನಿಲ್ಲಿಸಿದರೆ ಈ ಅಪಾಯ ಬೇಗನೇ ಇಳಿಯುತ್ತದೆ.

ಹೃದಯದ ಬಡಿತ ಏರುಪೇರಾಗುವ ಗಂಭೀರ ಪ್ರಕರಣ ಹೊರೈಝನ್‌ನಲ್ಲಿ ನೂರಕ್ಕೆ 0.5ರಿಂದ 1.3ಕ್ಕೆ ಏರಿತ್ತು. ಸೊಂಟ ಮುರಿದವರ ಅಧ್ಯಯನದಲ್ಲಿ, ಮುಂದೆ ಹೇಳಲಿರುವ 2018ರ ನ್ಯೂಜಿಲೆಂಡ್ ಅಧ್ಯಯನದಲ್ಲಿ ಅದು ಮತ್ತೆ ಕಾಣಲಿಲ್ಲ. ಅಪರೂಪಕ್ಕೆ ಕಣ್ಣಿನೊಳಗೆ ಉರಿಯೂತವಾಗುತ್ತದೆ. ಡ್ರಿಪ್ ಆದ ವಾರದಲ್ಲಿ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅಂಗಡಿಯ ಹನಿಮದ್ದು ಬೇಡ, ಅಂದೇ ಕಣ್ಣಿನ ಡಾಕ್ಟರನ್ನು ಕಾಣಬೇಕು.

ಡ್ರಿಪ್ ಬೇಡವಾದವರಿಗೆ ಬೇರೆ ದಾರಿಗಳಿವೆ. ವಾರಕ್ಕೊಮ್ಮೆಯ ಅಲೆಂಡ್ರೋನೇಟ್ ಮಾತ್ರೆ ಅಗ್ಗ, ಹಳೆಯದು, ನಂಬಿಕೆಯದು. ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಮುಟ್ಟದೆ ಇರಬೇಕು. ಬೆಳಗಿನ ಫಿಲ್ಟರ್ ಕಾಫಿಯ ಮನೆಗಳಲ್ಲಿ ಈ ಶಿಸ್ತು ಕೆಲವು ತಿಂಗಳಲ್ಲೇ ಸಡಿಲವಾಗುತ್ತದೆ. ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೋಸುಮ್ಯಾಬ್ ಮೂತ್ರಪಿಂಡದ ದಾರಿ ಹಿಡಿಯುವುದಿಲ್ಲ. ಆದರೆ ಮೂತ್ರಪಿಂಡ ತೀರಾ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಅದು ಕ್ಯಾಲ್ಸಿಯಂ ಅನ್ನು ಅಪಾಯಕರವಾಗಿ ಇಳಿಸುತ್ತದೆಂದು 2024ರಲ್ಲಿ ಕಟ್ಟೆಚ್ಚರ ಬಂದಿದೆ. ಒಂದು ಡೋಸ್ ತಪ್ಪಿಸಿ ಸುಮ್ಮನಾದರೆ ಬೆನ್ನಮೂಳೆಗಳು ಸಾಲಾಗಿ ಕುಸಿಯುವುದೂ ಉಂಟು. ಮಗಳು ಬೇರೆ ಊರಲ್ಲಿ, ಆಸ್ಪತ್ರೆಗೆ ಕರೆದೊಯ್ಯುವವರಿಲ್ಲ ಎಂಬಂಥ ಮನೆಗೆ ವರ್ಷಕ್ಕೊಮ್ಮೆಯದೇ ಹೆಚ್ಚು ಕ್ಷೇಮ.

ಇಷ್ಟನ್ನೆಲ್ಲ ತೂಗಿ ನೋಡಲು ರೋಗಿಗೆ ವಿಷಯ ತಿಳಿದಿರಬೇಕು. ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ತಮಿಳು, ದಖನಿ, ಕನ್ನಡ, ತೆಲುಗು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಸಹಿ ಹಾಕಬೇಕಾದ ಕಾಗದ ಸಾಮಾನ್ಯವಾಗಿ ಇಂಗ್ಲಿಷಿನದು. ವಿವರಿಸುವ ಹೊಣೆ ಜೊತೆಗೆ ಬಂದ ಸೊಸೆಯದೋ ಮೊಮ್ಮಗನದೋ ಆಗುತ್ತದೆ, ಅವರಿಗೆ ಸಿಕ್ಕಿದ್ದೂ ಎರಡು ನಿಮಿಷ. ಜ್ವರ ಬರುತ್ತದೆ, ಮೂರು ದಿನ, ಪ್ಯಾರಾಸಿಟಮಾಲ್ ಮಾತ್ರ, ನೀರು ಕುಡಿಯಿರಿ, ಹಲ್ಲು ತೋರಿಸಿ, ತೊಡೆ ನೋವು ಬಂದರೆ ತಕ್ಷಣ ಹೇಳಿ. ಈ ನಾಲ್ಕು ಮಾತನ್ನು ನಾಲ್ಕು ಭಾಷೆಯಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಡ್ರಿಪ್ ಕೋಣೆಯಲ್ಲಿ ಕೈಗೆ ಕೊಡುವುದು ಯಾವ ಆಸ್ಪತ್ರೆಗೂ ಹೊರೆಯಾಗದು.

ಎಷ್ಟು ವರ್ಷ ಹಾಕಿಸಬೇಕೆಂಬುದು ಈಗ ಬಿಸಿಯಾದ ಪ್ರಶ್ನೆ. ಮೂರು ವರ್ಷಕ್ಕೆ ನಿಲ್ಲಿಸಿದವರನ್ನೂ ಆರು ವರ್ಷ ಮುಂದುವರಿಸಿದವರನ್ನೂ ಹೋಲಿಸಿದಾಗ ಮುಂದುವರಿಸಿದವರಲ್ಲಿ ಬೆನ್ನಮೂಳೆ ಕುಸಿತ ಕಡಿಮೆಯಾಯಿತು, ಉಳಿದ ಮುರಿತಗಳಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ನ್ಯೂಜಿಲೆಂಡಿನ ವೈದ್ಯರು ಅರವತ್ತೈದು ದಾಟಿದ, ಮೂಳೆ ಸ್ವಲ್ಪವಷ್ಟೇ ತೆಳುವಾದ ಎರಡು ಸಾವಿರ ಮಹಿಳೆಯರಲ್ಲಿ ಕೆಲವರಿಗೆ ಒಂದೂವರೆ ವರ್ಷಕ್ಕೊಂದು ಡ್ರಿಪ್ ಹಾಕಿ, ಆರು ವರ್ಷದಲ್ಲಿ ಮುರಿತ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದದ್ದನ್ನು ತೋರಿಸಿದರು. 2025ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನದಲ್ಲಿ ಐವತ್ತರಿಂದ ಅರವತ್ತರೊಳಗಿನ ಸಾವಿರದಷ್ಟು ಮಹಿಳೆಯರಿದ್ದರು. ಕೆಲವರಿಗೆ ಐದು ವರ್ಷದ ಅಂತರದಲ್ಲಿ ಎರಡು ಡ್ರಿಪ್, ಕೆಲವರಿಗೆ ಒಂದೇ, ಉಳಿದವರಿಗೆ ಯಾವುದೂ ಇಲ್ಲ. ಹತ್ತು ವರ್ಷದ ಕೊನೆಗೆ ಬೆನ್ನಮೂಳೆ ಕುಸಿದವರು ನೂರಕ್ಕೆ 6.3, 6.6 ಮತ್ತು 11.1. ಒಂದೇ ಡ್ರಿಪ್ ಪಡೆದವರಿಗೂ ಎರಡು ಪಡೆದವರಿಗೂ ಹೆಚ್ಚುಕಡಿಮೆ ಒಂದೇ ಫಲ. ಔಷಧ ಕಡಿಮೆಯಾದಷ್ಟೂ ತೊಡೆ, ದವಡೆಗಳ ಅಪಾಯ ಇಳಿಯುವುದರಿಂದ ಇದು ಆಸೆ ಹುಟ್ಟಿಸುವ ಸುದ್ದಿ. ಆದರೆ ಅದು ಮೂಳೆ ಇನ್ನೂ ಸವೆಯದ ಐವತ್ತರ ಹೆಂಗಸಿನ ಲೆಕ್ಕ. ಬೆನ್ನು ಆಗಲೇ ಬಾಗಿ, ಒಮ್ಮೆ ಮಣಿಕಟ್ಟು ಮುರಿದಿರುವ ಎಪ್ಪತ್ತೆಂಟರ ಅಜ್ಜಿಗೆ ಇವತ್ತಿಗೂ ವರ್ಷಕ್ಕೊಂದರಂತೆ ಮೂರು, ಆಮೇಲೆ ಡೆಕ್ಸಾ ಮತ್ತೆ ನೋಡಿ ಬಿಡುವೋ ಮುಂದುವರಿಕೆಯೋ ಎಂಬ ತೀರ್ಮಾನ. ಬಿಡುವಿನ ನಡುವೆ ಹೊಸದೊಂದು ಮುರಿತವಾದರೆ ಚಿಕಿತ್ಸೆಯ ಮಾತು ಮತ್ತೆ ಮೊದಲಿನಿಂದ.